ಮಂಟೇಸ್ವಾಮಿ ಹೊರಟ ಹೊತ್ತು

ಗುಂಡ್ಲುಪೇಟೆ
೨-೧೨-೧೯೫೫

ರುದ್ರಿ,

ಈ ಕಾಗದ ಬರುವ ಮೊದಲೇ ಯಾರಾದರೂ ಬಾಯಿಗೆ ಬಂದದ್ದು ಹೇಳಿ ನಿನ್ನನ್ನು ಹೆದರಿಸಿರಬಹುದು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನನಗೂ ನಿಮ್ಮ ಭಾವನವರಿಗೂ ಏನೂ ಆಗಿಲ್ಲ.

ಆಗಿರುವುದು ಪಕ್ಕದ ಮನೆಯ ಚಿಕ್ಕಮಲ್ಲಪ್ಪನಿಗೆ. ಮೊನ್ನೆ ಸೋಮವಾರ ದೀಪ ಹಚ್ಚುವ ಹೊತ್ತಿನಲ್ಲಿ, ಹಿತ್ತಲ ಬಾವಿಯ ಹತ್ತಿರ ನಿಂತಿದ್ದವನ ಬೆನ್ನಿಗೆ ಯಾರೋ ಗುಂಡು ಹೊಡೆದರು. ಮೈಸೂರಿನ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು. ಆ ಬಾವಿ ಎರಡೂ ಮನೆಗೆ ಸೇರಿದ್ದು, ಅದನ್ನು ತನ್ನ ಕಡೆ ಸೇರಿಸಿಕೊಂಡು ಗೋಡೆ ಎಬ್ಬಿಸಲು ಅವನು ಹೊರಟಿದ್ದ, ಅದಕ್ಕಾಗಿ ನಮಗೂ ಅವನಿಗೂ ಮಾತು ನಿಂತಿತ್ತು ಎಂಬುದೆಲ್ಲ ನಿನಗೆ ಗೊತ್ತೇ ಇದೆ. ಹಾಗೆಂದು ಇಂಥ ಸಾವನ್ನು ಯಾರೂ ಬಯಸಿರಲಿಲ್ಲ. ಅವನ ಹೆಂಡತಿ ದೊಡ್ಡಮಲ್ಲಮ್ಮ ಅಳುವುದು ಅಡುಗೆಮನೆಗೇ ಕೇಳಿಸುತ್ತದೆ.

ಪೊಲೀಸಿನವರು ನಮ್ಮ ಆಳು ಮಂಟೇಸ್ವಾಮಿಯನ್ನು ಹಿಡಿದುಕೊಂಡು ಹೋದರು. ಭೀಮನಬೀಡಿನ ನಮ್ಮ ಹೊಲದ ಅಟ್ಟಣೆಯಲ್ಲಿ ಮಲಗಿದ್ದನಂತೆ. ಕಾಡುಹಂದಿ ಓಡಿಸಲು ಇಟ್ಟುಕೊಂಡಿರುವ ಭಾವನವರ ಕೋವಿಯೂ ಅಲ್ಲೇ ಸಿಕ್ಕಿತಂತೆ. ಹಿಂದಿನ ವಾರ ಎತ್ತು ಈರುಳ್ಳಿ ಹೊಲಕ್ಕೆ ನುಗ್ಗಿತೆಂದು ಚಿಕ್ಕಮಲ್ಲಪ್ಪ ಅವನ ಕೆನ್ನೆಗೆ ಬಾರಿಸಿದ್ದ. ಆ ಸಿಟ್ಟು ಒಳಗೇ ಇತ್ತೋ ಏನೋ, ಯಾರ ಮನಸ್ಸು ಯಾರಿಗೆ ಗೊತ್ತು?

ಅವತ್ತು ಬೆಳಿಗ್ಗೆ ನಾನೇ ಅವನ ಕೈಯಲ್ಲಿ ನಿನಗೆ ತುಪ್ಪ ಕಳಿಸಿದ್ದೆ. ಮಧ್ಯಾಹ್ನದ ಬಸ್ಸಿಗೆ ಅವನು ಹೊರಟನಲ್ಲ, ಪೊಲೀಸಿನವರು ಕೇಳಿದರೆ ಅಷ್ಟು ಹೇಳು ಸಾಕು. ಬಸುರಿ ಹೆಂಗಸು, ಹೆಚ್ಚು ಮಾತಿಗೆ ಸಿಕ್ಕಿಕೊಳ್ಳಬೇಡ. ಯುಗಾದಿ ಕಳೆದ ಮೇಲೆ ಭಾವನವರೇ ಬಂದು ನಿನ್ನನ್ನು ಹೆರಿಗೆಗೆ ಕರೆತರುತ್ತಾರೆ. ಒಳಕೋಣೆಗೆ ಸುಣ್ಣ ಹೊಡೆಸಿದ್ದೇನೆ.

ನಿನ್ನ ಅಕ್ಕ,
ಗಂಗಾಂಬಿಕೆ


ಚಾಮರಾಜನಗರ
೫-೧೨-೧೯೫೫

ಅಕ್ಕ,

ನಿನ್ನ ಕಾಗದ ಓದಿ ಮೊದಲು ಹೆದರಿಹೋದೆ. ಇನ್ನೊಂದು ಸಲ ಓದಿದಾಗ ಮಾತ್ರ ನಗು ಬಂದುಬಿಟ್ಟಿತು. ತಪ್ಪು ತಿಳಿಯಬೇಡ, ಆ ಮನೆಯವರ ದುಃಖಕ್ಕಲ್ಲ. ಮಂಟೇಸ್ವಾಮಿ ಬದುಕಿಕೊಂಡನಲ್ಲ ಎಂದು.

ಅವನು ಮಧ್ಯಾಹ್ನದ ಬಸ್ಸಿಗೆ ಹೊರಡಲೇ ಇಲ್ಲ! ನಾನೇ ತಡೆದೆ. ಕೋತಿಗಳು ಮಾಡಿನ ಹೆಂಚನ್ನೆಲ್ಲ ಕದಲಿಸಿ ಹಾಕಿದ್ದವು. ಹೇಗೂ ಬಂದಿದ್ದೀಯ, ಸರಿಮಾಡಿ ಹೋಗು ಎಂದೆ. ಅವನು ಒಪ್ಪಲಿಲ್ಲ. "ದೊಡ್ಡವ್ವಾರು ಮಧ್ಯಾನ್ದ ಬಸ್ಗೇ ಬಂದ್ಬುಡು ಅಂದವ್ರೆ ಕಣವ್ವ" ಎಂದ. "ನಾನು ಇರಿಸ್ಕೊಂಡೆ ಅಂತ ಹೇಳು, ಅಕ್ಕ ಬೈಯಲ್ಲ ಬುಡು" ಎಂದ ಮೇಲೆ ಏಣಿ ಹತ್ತಿದ. ಹೊತ್ತು ಮುಳುಗುವವರೆಗೂ ಮಾಡಿನ ಮೇಲೇ ಇದ್ದ.

ಅವತ್ತು ಕಾರ್ತಿಕ ಸೋಮವಾರ ನೋಡು. ಪೂಜೆ ಮುಗಿಸಿ, ಜಗಲಿಯ ಉದ್ದಕ್ಕೂ ದೀಪ ಹಚ್ಚಿ, ಆಮೇಲೆ ಊಟಕ್ಕೆ ಹಾಕಿದೆ. ಅವನು ಜಗಲಿಯ ಮೇಲೆ ದೀಪದ ಪಕ್ಕ ಕೂತು ಉಂಡ. ಶಾಲೆಯಿಂದ ಬಂದಿದ್ದ ನಮ್ಮವರೇ "ಅವನಿಗೆ ಇನ್ನೊಂದಿಷ್ಟು ಬಡಿಸು" ಎಂದರು. ಕೊನೆಯ ಬಸ್ಸಿಗೆ ಹೊರಟವನು ಅವನು. ನಿಮ್ಮಲ್ಲಿ ಗುಂಡು ಹಾರಿದಾಗ ಅವನು ನಮ್ಮ ಜಗಲಿಯ ಮೇಲಿದ್ದ ಅಕ್ಕ!

ಇದನ್ನು ಓದಿದ ತಕ್ಷಣ ಭಾವನವರನ್ನು ಠಾಣೆಗೆ ಕಳಿಸು. ಬೇಕಾದರೆ ನಾನೂ ನಮ್ಮವರೂ ಬಂದು ಹೇಳುತ್ತೇವೆ. ಅವನ ಹೆಂಡತಿ ಪುಟ್ಟಮಾದಮ್ಮನಿಗೂ ಇವತ್ತೇ ತಿಳಿಸು, ಪಾಪ, ಎಷ್ಟು ಅಳುತ್ತಿದ್ದಾಳೋ.

ನಿನ್ನ
ಶಿವರುದ್ರಮ್ಮ


ಗುಂಡ್ಲುಪೇಟೆ
೧೯-೧೨-೧೯೫೫

ರುದ್ರಿ,

ಉತ್ತರ ತಡವಾಯಿತು. ಮನೆಯ ತುಂಬ ಬರುವವರು, ಕೇಳುವವರು.

ನಿನ್ನ ಕಾಗದವನ್ನು ನಾನು ಭಾವನವರಿಗೆ ತೋರಿಸಲಿಲ್ಲ. ತೋರಿಸಿದ್ದರೆ ನಗುತ್ತಿದ್ದರು. ಹೆಂಚು ಕೈಯಾಡಿಸಿದ್ದು ಬೇರೆ ಯಾವತ್ತೋ ಇರಬೇಕು. ಮಂಟೇಸ್ವಾಮಿ ನಿಮ್ಮ ಮನೆಗೆ ಎಷ್ಟು ಸಲ ಬಂದಿಲ್ಲ? ಬಸುರಿಯಲ್ಲಿ ಮರೆವು, ಮಂಕು ಎಲ್ಲರಿಗೂ ಇರುತ್ತದೆ. ನಿನಗಂತೂ ಚಿಕ್ಕಂದಿನಿಂದಲೂ ಇದೆ. ಅವ್ವ ಹೋದ ಮೇಲೆ ತಿಂಗಳುಗಟ್ಟಲೆ "ಅವ್ವ ಈಗ ತಾನೇ ಮಾತಾಡ್ಸಿದ್ಲು" ಎನ್ನುತ್ತಿದ್ದೆಯಲ್ಲ. ನಾನು ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಸಮಾಧಾನ ಮಾಡಬೇಕಾಗಿತ್ತು. ಇಲ್ಲದ್ದನ್ನು ಕಂಡೆ ಎನ್ನುವುದು ನಿನ್ನ ಸುಳ್ಳಲ್ಲ, ನಿನ್ನ ಸ್ವಭಾವ.

ಅವನು ಮಧ್ಯಾಹ್ನವೇ ಬಂದ. ನಾನು ಕಣ್ಣಾರೆ ನೋಡಿದೆ. ಈ ವಿಷಯ ಬೀದಿಯವರ ಹತ್ತಿರ ಆಡಬೇಡ. ಇನ್ನು ಅದರ ಬಗ್ಗೆ ಬರೆಯಲೂ ಬೇಡ.

ಗಂಗಾಂಬಿಕೆ


ಚಾಮರಾಜನಗರ
೨೩-೧೨-೧೯೫೫

ಅಕ್ಕ,

ಬರೆಯಬೇಡ ಎಂದೆ. ಆದರೂ ಬರೆಯುತ್ತಿದ್ದೇನೆ.

ನಿನ್ನ ಮಾತಿನ ಮೇಲೆ ನನಗೆ ಎಷ್ಟು ನಂಬಿಕೆಯೆಂದರೆ, ಅದನ್ನು ಓದಿ ನಾನು ನನ್ನನ್ನೇ ಅನುಮಾನಿಸಿದೆ. ನನಗೆ ನಿಜವಾಗಿಯೂ ಮಂಕು ಹಿಡಿದಿದೆಯೇ ಎಂದು ಪಕ್ಕದ ಮನೆಯ ಗುರುಮಲ್ಲಮ್ಮನವರನ್ನು ಕೇಳಿದೆ. "ಯಾಕಮ್ಮಿ, ಕಾರ್ತಿಕ ಸೋಮವಾರ ಜಗಲಿ ಮ್ಯಾಲೆ ಉಣ್ತಿದ್ನಲ್ಲ, ಅವನ ತಾನೆ?" ಎಂದರು. ಮರೆತಿರುವುದು ನಾನಲ್ಲ.

ಇನ್ನೊಂದು ಮಾತು. ಪೊಲೀಸಿನವನೊಬ್ಬ ನಮ್ಮವರ ಶಾಲೆಗೇ ಬಂದು ವಿಚಾರಿಸಿದನಂತೆ. ಇವರು "ನಾನು ಮನೆಯಲ್ಲಿರಲಿಲ್ಲ, ನನಗೆ ಗೊತ್ತಿಲ್ಲ" ಎಂದು ಹೇಳಿ ಕಳಿಸಿದ್ದಾರೆ. ಇನ್ನೊಂದಿಷ್ಟು ಬಡಿಸು ಎಂದ ಬಾಯಲ್ಲಿ! ಯಾಕೆ ಎಂದು ಕೇಳಿದರೆ "ನಿಮ್ಮ ಭಾವ ಬಂದಿದ್ದರು. ಮನೆತನದ ಮಾತು ಕಣೆ, ಸುಮ್ನಿರು" ಎಂದರು. ಭಾವ ಚಾಮರಾಜನಗರಕ್ಕೆ ಬಂದು, ನಮ್ಮ ಮನೆಗೆ ಬಾರದೆ, ಶಾಲೆಯಲ್ಲಿ ಇವರೊಬ್ಬರನ್ನೇ ಕಂಡು ಹೋದರಂತೆ.

ಪೊಲೀಸಿನವರು ಭಾವನವರನ್ನು ಏನಾದರೂ ಹೆದರಿಸಿದ್ದಾರೆಯೇ? ಯಾರಾದರೂ ನಿಮ್ಮ ಬಾಯಿ ಕಟ್ಟಿದ್ದಾರೆಯೇ? ನನ್ನ ಹತ್ತಿರ ಮುಚ್ಚಿಡಬೇಡ. ಅಕ್ಷರ ತಿದ್ದಿಸಿದವಳು ನೀನು, ತಲೆ ಬಾಚಿದವಳು ನೀನು, ಗಂಡನ ಮನೆಗೆ ಕಳಿಸಿಕೊಟ್ಟವಳೂ ನೀನೇ. ಅವತ್ತು ಸಂಜೆ ಏನಾಯಿತು ಅಕ್ಕ?

ರುದ್ರಿ


ಗುಂಡ್ಲುಪೇಟೆ
೬-೧-೧೯೫೬

ರುದ್ರಿ,

ಕೇಳಿದೆಯಲ್ಲ, ತಗೋ. ಓದಿ ಒಲೆಗೆ ಹಾಕು.

ಗೋಡೆಯ ಪಾಯಕ್ಕೆ ಚಿಕ್ಕಮಲ್ಲಪ್ಪ ಅವತ್ತೇ ಕಲ್ಲು ಇಳಿಸಿದ್ದ. ಸಂಜೆ ಭಾವನವರು ಕೋವಿ ತೆಗೆದುಕೊಂಡು ಹಿತ್ತಲಿಗೆ ಹೋದರು. ಹೆದರಿಸಲು ಹೋದೆ ಎನ್ನುತ್ತಾರೆ. ನಾನು ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಸದ್ದು ಕೇಳಿ ತಿರುಗುವಷ್ಟರಲ್ಲಿ ಇವರು ಒಳಗೆ ಬಂದು ನೆಲದ ಮೇಲೆ ಕುಸಿದು ಕೂತಿದ್ದರು. ಆ ಮುಖವನ್ನು ನೀನು ನೋಡಿಲ್ಲ. ಆಮೇಲೆ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊಲಕ್ಕೆ ಹೋಗಿ ಅಟ್ಟಣೆಯಲ್ಲಿಟ್ಟು ಬಂದರು.

ಇನ್ಸ್‌ಪೆಕ್ಟರು ಬಂದು "ಕೋವಿ ಯಾರ ಕೈಲಿತ್ತು?" ಎಂದು ಕೇಳಿದರು. ಇವರ ಬಾಯಿಂದ ಮಾತೇ ಹೊರಡಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ನಾನು "ಮಂಟೇಸ್ವಾಮಿ ಕೈಲಿ" ಎಂದೆ. ಯಾರೂ ನನ್ನ ಬಾಯಿ ಕಟ್ಟಲಿಲ್ಲ ರುದ್ರಿ. ಹೆಸರು ಹೇಳಿದವಳು ನಾನೇ.

ಅವನಿಗೆ ಮಧ್ಯಾಹ್ನದ ಬಸ್ಸಿಗೆ ಬಾ ಎಂದಿದ್ದೆ, ಬಂದು ನೇರ ಹೊಲಕ್ಕೆ ಹೋಗಿರುತ್ತಾನೆ ಎಂದುಕೊಂಡಿದ್ದೆ. ನೀನು ಅವನನ್ನು ಯಾಕೆ ನಿಲ್ಲಿಸಿಕೊಂಡೆ? ನಾಲ್ಕು ಹೆಂಚಿಗಾಗಿ?

ಅವನ ಮನೆಯವರನ್ನು ನಾನು ಉಪವಾಸ ಕೆಡವುವುದಿಲ್ಲ. ಪುಟ್ಟಮಾದಮ್ಮನಿಗೆ ರಾಗಿ ಕಳಿಸುತ್ತಿದ್ದೇನೆ. ಆದರೆ ಭಾವನವರು ಹೋದರೆ ನನಗೆ ಯಾರಿದ್ದಾರೆ? ಮಕ್ಕಳಿಲ್ಲದವಳು ನಾನು. ನನಗಿದ್ದ ಮಗು ನೀನೊಬ್ಬಳೇ. ನೀನು ಕೋರ್ಟಿಗೆ ಹೋದರೆ ನಿನಗೆ ತವರಿಲ್ಲ ಎಂದು ತಿಳಿ. ಬಾಣಂತನ ಎಲ್ಲಾದರೂ ನೋಡಿಕೋ.

ಗಂಗಾಂಬಿಕೆ


ಚಾಮರಾಜನಗರ
೨೬-೧-೧೯೫೬

ಅಕ್ಕ,

ನೀನು ಹೇಳಿದ ಹಾಗೆ ಓದಿ ಒಲೆಗೆ ಹಾಕಿದೆ. ಅದರ ಮಾತು ನನ್ನ ಬಾಯಿಂದ ಎಂದೂ ಹೊರಗೆ ಬರುವುದಿಲ್ಲ. ನಿನ್ನ ಮನೆಯಲ್ಲಿ ಏನಾಯಿತೆಂದು ಹೇಳಬೇಕಾದವಳು ನೀನು. ನನ್ನ ಮನೆಯಲ್ಲಿ ಏನಾಯಿತು ಎಂಬುದನ್ನು ಮಾತ್ರ ನಾನು ಹೇಳುತ್ತೇನೆ. ಹೇಳಿಯೇ ಹೇಳುತ್ತೇನೆ.

ಮೊನ್ನೆ ಪುಟ್ಟಮಾದಮ್ಮ ಬಂದಿದ್ದಳು. ಚಂದಕವಾಡಿಯ ತನ್ನ ತವರಿನಲ್ಲಿದ್ದಾಳೆ. ಅಲ್ಲಿಂದ ನಡೆದೇ ಬಂದಳು. ಜಗಲಿಯ ಕೆಳಗೆ ನಿಂತು, "ಸಣ್ಣವ್ವಾರೆ, ನಮ್ಮಟ್ಟಿಯವ್ರು ಜೈಲಲ್ಲಿ ನಿಮ್ ಎಸ್ರೇ ಏಳ್ತಾವ್ರೆ. ಸಣ್ಣವ್ವಾರ್ನ ಕೇಳಿ, ಅವ್ರು ಸುಳ್ ಏಳಾಕಿಲ್ಲ ಅಂತಾವ್ರೆ. ಬಸ್ನೋರ್ನ ಕೇಳುದ್ರೆ, ಕೂಲಿಯೋರ ಮೊಕ ಯಾರ್ ಗ್ಯಾನ ಮಡಿಕಂಡಾರು ಅಂತಾರೆ. ನೀವೊಬ್ರೇ ಕಣವ್ವ" ಎಂದಳು.

ನೀನು ಕಳಿಸಿದ ರಾಗಿಯ ಬಗ್ಗೆಯೂ ಹೇಳಿದಳು. "ದೊಡ್ಡವ್ವಾರು ದೇವ್ರಂತೋರು, ಇಂತಾ ಒತ್ನಲ್ಲೂ ಕೈ ಬುಡಲಿಲ್ಲ" ಎಂದು ನಿನಗೆ ಅಲ್ಲಿಂದಲೇ ಕೈ ಮುಗಿದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಇವರು ಬೇಡ ಎನ್ನುತ್ತಾರೆ. "ಬಸುರಿ ಕಟಕಟೆ ಹತ್ತುದ್ರೆ ಜನ ಏನಂತಾರೆ?" ಎನ್ನುತ್ತಾರೆ. ನಾನು ಜವಾಬು ಕೊಡುವುದು ಬಿಟ್ಟಿದ್ದೇನೆ. ಮಂಟೇಸ್ವಾಮಿಯ ಕಡೆಯ ವಕೀಲರಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದೇನೆ.

ಇನ್ನೂ ಹೊತ್ತು ಮೀರಿಲ್ಲ ಅಕ್ಕ. ನಾನು ಹೋಗುವ ಮೊದಲು ನೀನೇ ಹೇಳಿಬಿಡು.

ರುದ್ರಿ


ಚಾಮರಾಜನಗರ
೨೪-೩-೧೯೫೬

ಅಕ್ಕ,

ಅದಕ್ಕೆ ನೀನು ಉತ್ತರ ಬರೆಯಲಿಲ್ಲ. ಉತ್ತರ ನನಗೆ ಮೈಸೂರಿನ ಕೋರ್ಟಿನಲ್ಲಿ ಸಿಕ್ಕಿತು.

ನೀನು ಭಾವನವರ ಪಕ್ಕದಲ್ಲಿ ಕೂತಿದ್ದೆ. ನನ್ನ ಹೊಟ್ಟೆಯ ಮೇಲೆ ಒಂದು ಸಲ ನಿನ್ನ ಕಣ್ಣು ಬಿತ್ತು. ಆಮೇಲೆ ಮುಖ ತಿರುಗಿಸಿಕೊಂಡೆ. ನಾನು ಕಂಡದ್ದನ್ನು ಹೇಳಿದೆ. ಹೆಂಚು, ಪೂಜೆ, ಊಟ, ಕೊನೆಯ ಬಸ್ಸು. ಸರ್ಕಾರಿ ವಕೀಲರು ಎದ್ದರು.

"ನಿಮ್ಮ ಮನೇಲಿ ಗಡಿಯಾರ ಇದೆಯೇನಮ್ಮ?"

"ಇಲ್ಲ."

"ಮತ್ತೆ ಹೊತ್ತು ಹೇಗೆ ಗೊತ್ತಾಯ್ತು?"

"ದೀಪ ಹಚ್ಚಿದವಳು ನಾನು. ಆಮೇಲೆ ಅವನಿಗೆ ಬಡಿಸಿದವಳೂ ನಾನು."

ಅವರು ಕೈಯಲ್ಲಿದ್ದ ಕಾಗದವನ್ನು ನೋಡಿಕೊಂಡು ಕೇಳಿದರು. "ಚಿಕ್ಕಂದಿನಲ್ಲಿ, ತೀರಿಹೋದ ನಿಮ್ಮ ತಾಯಿ ಬಂದು ಮಾತಾಡಿಸಿದ್ರು ಅಂತ ಹೇಳ್ತಿದ್ರಂತೆ. ನಿಜವೇ?"

ಕೋರ್ಟಿನಲ್ಲಿ ಯಾರೋ ನಕ್ಕರು. ನಾನು ನಿನ್ನ ಕಡೆ ನೋಡಿದೆ. ಆ ಮಾತು ಈ ಭೂಮಿಯ ಮೇಲೆ ನಿನಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನೀನು ಮಂಟೇಸ್ವಾಮಿಗೆ ಮಾಡಿದ್ದು ಗಂಡನನ್ನು ಉಳಿಸಿಕೊಳ್ಳುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವ್ವನ ಸಾವನ್ನು ತೆಗೆದು ಆ ಕರಿಕೋಟಿನವರ ಕೈಗೆ ಕೊಟ್ಟೆಯಲ್ಲ, ಅದಕ್ಕೆ ಏನು ಹೇಳಿಕೊಳ್ಳಲಿ?

"ನಿಜ" ಎಂದೆ. "ಆಗ ನಾನು ಕೂಸು. ಸತ್ತವರು ಬರಲ್ಲ ಅಂತ ನನಗೆ ಗೊತ್ತಿರಲಿಲ್ಲ. ಇವನು ಬದುಕಿದ್ದಾನೆ ಸ್ವಾಮಿ, ಇಲ್ಲೇ ನಿಂತಿದ್ದಾನೆ. ಇವನಿಗೆ ಬಡಿಸಿದ್ದು ಈ ಕೈ."

ಆಗ ಹಿಂದಿನ ಸಾಲಿನಲ್ಲಿ ಯಾರೋ ಎದ್ದ ಸದ್ದಾಯಿತು. ನಮ್ಮವರು! ರೈಲಿನಲ್ಲಿ ನಾನೂ ಪುಟ್ಟಮಾದಮ್ಮನೂ ಇಬ್ಬರೇ ಹೋಗಿದ್ದೆವು. ಇವರು ನಮ್ಮ ಹಿಂದೆಯೇ ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. "ನಾನೂ ಅಲ್ಲೇ ಇದ್ದೆ. ಪೊಲೀಸಿನವರ ಮುಂದೆ ನಾನು ಹೇಳಿದ್ದು ಸುಳ್ಳು" ಎಂದು ನಿಂತಲ್ಲಿಂದಲೇ ಹೇಳಿದರು. ನ್ಯಾಯಾಧೀಶರು ಗದರಿ ಕೂರಿಸಿದರು. ಮಾರನೆಯ ದಿನ ಕಟಕಟೆಗೆ ಕರೆಸಿ ಅವರ ಮಾತನ್ನೂ ಬರೆಸಿಕೊಂಡರು. ಎರಡು ವಾರ ಕಳೆದು ಮಂಟೇಸ್ವಾಮಿಯನ್ನು ಬಿಟ್ಟರು.

ಅವನು ಎಷ್ಟು ಇಳಿದುಹೋಗಿದ್ದಾನೆಂದರೆ, ಕೋರ್ಟಿನ ಮೆಟ್ಟಿಲಲ್ಲಿ ಪುಟ್ಟಮಾದಮ್ಮನೇ ಅವನ ತೋಳು ಹಿಡಿದು ಇಳಿಸಬೇಕಾಯಿತು.

ತವರಿಲ್ಲ ಎಂದು ತಿಳಿ ಎಂದಿದ್ದೆ. ತಿಳಿದುಕೊಂಡೆ.

ಶಿವರುದ್ರಮ್ಮ


ಗುಂಡ್ಲುಪೇಟೆ
೧೧-೫-೧೯೫೬

ರುದ್ರಿ,

ನಿನಗೆ ಬರೆಯುವ ಮುಖ ನನಗಿಲ್ಲ. ಆದರೆ ಬೇರೆ ಯಾರಿಗೆ ಬರೆಯಲಿ?

ಇನ್ಸ್‌ಪೆಕ್ಟರು ಮತ್ತೆ ಬಂದಿದ್ದರು. ಮಂಟೇಸ್ವಾಮಿ ಅಲ್ಲದಿದ್ದರೆ ಇನ್ನು ಯಾರು ಎಂದು ಎಲ್ಲವನ್ನೂ ಮೊದಲಿನಿಂದ ಕೇಳುತ್ತಿದ್ದಾರೆ. ಭಾವನವರನ್ನು ಪಡಸಾಲೆಯಲ್ಲಿ ಕೂರಿಸಿಕೊಂಡರು. ನಾನು ಮೊದಲಿನ ಹಾಗೆಯೇ ಬಾಗಿಲ ಹಿಂದೆ ಇದ್ದೆ. ಸಂಜೆ ಇಬ್ಬರೂ ಒಳಗೆ ಪೂಜೆಯಲ್ಲಿದ್ದೆವು ಎಂದು ನಾವು ಮಾತಾಡಿಕೊಂಡಿದ್ದೆವು. ಕೋರ್ಟಿನಲ್ಲೂ ಹಾಗೆಯೇ ಹೇಳಿದ್ದೆವು.

ಇವರು ಬೇರೆಯೇ ಹೇಳಿದರು. "ನಾನು ಭೀಮನಬೀಡಿನ ಹೊಲದಿಂದ ಬರೋಷ್ಟೊತ್ಗೆ ಎಲ್ಲಾ ಮುಗ್ದೋಗಿತ್ತು ಸ್ವಾಮಿ. ಹೆಂಡ್ತಿ ಮಾತು ಕೇಳಿ ಪೂಜೇಲಿದ್ದೆ ಅಂದ್ಬುಟ್ಟಿದ್ದೆ. ಮನೇಲಿದ್ದವಳು ಇವಳೊಬ್ಬಳೇ. ಕೋವಿ ಎಲ್ಲಿರುತ್ತೆ ಅಂತ ಇವಳಿಗೂ ಗೊತ್ತು. ಆಳಿನ ಹೆಸರು ಹೇಳಿದ್ದೂ ಇವಳೇ, ನಾನಲ್ಲ."

ಹೇಳುವಾಗ ತಡವರಿಸಲಿಲ್ಲ ರುದ್ರಿ. ಅವತ್ತು ಬಾರದಿದ್ದ ಮಾತು ಇವತ್ತು ನೀರು ಸುರಿದ ಹಾಗೆ ಬಂತು.

ಇನ್ಸ್‌ಪೆಕ್ಟರು ಹೋದ ಮೇಲೆ ಕೇಳಿದೆ. "ಹೆಂಗಸರನ್ನ ಯಾರೂ ಗಲ್ಲಿಗೆ ಹಾಕಲ್ಲ ಬುಡು. ನನ್ನನ್ನಾದ್ರೆ ಹಾಕ್ತಾರೆ" ಎಂದರು. ಆಮೇಲೆ ಊಟಕ್ಕೆ ಬಡಿಸು ಎಂದರು. ಬಡಿಸಿದೆ.

ನಾಡಿದ್ದು ನನ್ನ ಹೇಳಿಕೆ ಬರೆದುಕೊಳ್ಳಲು ಬರುತ್ತಾರಂತೆ. ಏನು ಹೇಳಲಿ?

ಅಕ್ಕ


ಚಾಮರಾಜನಗರ
೧೨-೫-೧೯೫೬

ಅಕ್ಕ,

ಕಾಗದ ಈಗ ತಾನೇ ಬಂತು. ನಿಮ್ಮ ಕಡೆ ಹೊರಟಿರುವ ಗುರುಮಲ್ಲಮ್ಮನವರ ಅಳಿಯನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ನನಗೆ ಹೆಣ್ಣು ಮಗುವಾಗಿದೆ. ಗುರುಮಲ್ಲಮ್ಮನವರೇ ಬಾಣಂತನ ಮಾಡುತ್ತಿದ್ದಾರೆ. ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನ ಗಂಡ ನಿನಗೆ ಮಾಡಿದ್ದನ್ನು ಓದಿದಾಗ, ಆಗಲಿ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ನಿನ್ನ ಮುಖ ಕಣ್ಣ ಮುಂದೆ ಬಂದು, ಮಗುವಿಗೆ ಹಾಲು ಕೊಡಲೂ ಆಗಲಿಲ್ಲ.

ಏನು ಹೇಳಲಿ ಎಂದು ಕೇಳಿದ್ದೀಯ. ದೀಪ ಹಚ್ಚಿದಲ್ಲಿಂದ ಶುರುಮಾಡು. ಸದ್ದು, ಅವರು ಕೂತದ್ದು, ಗೋಣಿ, ಕೊನೆಗೆ ನೀನು ಹೇಳಿದ ಹೆಸರು. ಯಾವುದನ್ನೂ ಹಿಂದೆ ಮುಂದೆ ಮಾಡಬೇಡ. ನಿನ್ನ ಪಾಲಿನದನ್ನು ಬಿಟ್ಟು ಅವರದನ್ನು ಮಾತ್ರ ಹೇಳಿದರೆ, ಅದೂ ಅವರು ಹೇಳಿದಂಥದ್ದೇ ಆಗುತ್ತದೆ.

ನಿನ್ನನ್ನು ಬಾ ಎನ್ನುವ ಮನಸ್ಸು ನನಗೆ ಇನ್ನೂ ಬಂದಿಲ್ಲ. ಬಂದಾಗ ಬರೆಯುತ್ತೇನೆ.

ರುದ್ರಿ


ಗುಂಡ್ಲುಪೇಟೆ
೩-೭-೧೯೫೬

ರುದ್ರಿ,

ಹೇಳಿದೆ. ಇನ್ಸ್‌ಪೆಕ್ಟರು ಬರುವ ಮೊದಲೇ ಪಕ್ಕದ ಮನೆಗೆ ಹೋಗಿ ದೊಡ್ಡಮಲ್ಲಮ್ಮನಿಗೆ ಹೇಳಿದೆ. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. "ಗೊತ್ತಿತ್ತು ಕಣವ್ವ. ನನ್ ಮಾತ್ಗೆ ಸಾಕ್ಷಿ ಇರ್ನಿಲ್ಲ" ಎಂದಳು, ಅಷ್ಟೇ. ಆಮೇಲೆ ಇನ್ಸ್‌ಪೆಕ್ಟರ ಮುಂದೆ, ಇವರೆದುರಿಗೇ ಹೇಳಿದೆ. ಇವರು ಇಲ್ಲ, ಇಲ್ಲ ಎನ್ನುತ್ತ ಹೋಗಿ, ಗೋಣಿಯ ಮಾತು ಬಂದಾಗ ಸುಮ್ಮನಾದರು. ಕರೆದುಕೊಂಡು ಹೋದರು. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನನ್ನ ಮೇಲೂ ಕೇಸಾಗುತ್ತದಂತೆ. ಆಗಲಿ.

ನಿನ್ನೆ ಚಂದಕವಾಡಿಗೆ ಹೋಗಿದ್ದೆ. ಮಂಟೇಸ್ವಾಮಿ ಈಗ ಅಲ್ಲೇ ಇದ್ದಾನೆ. ನನ್ನನ್ನು ಕಂಡವನೇ ಎದ್ದು, ತಾನು ಕೂತಿದ್ದ ಚಾಪೆಯನ್ನು ಕೊಡವಿ ಹಾಕಿದ. ನಾನು ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ. "ಪೋಲೀಸ್ನೋರು ಇಡ್ಕಂಡ್ ಓಗುವಾಗ ನಿಮ್ಮಟ್ಟಿ ಮುಂದ್ಲಿಂದ್ಲೇ ಓದ್ರಲ್ಲ ಅವ್ವಾರೆ, ನೀವು ಬಾಗ್ಲಲ್ಲಿ ನಿಂತಿದ್ರಿ. ಈಗ ಒಂದ್ ಮಾತ್ ಅಂದಾರು, ಈಗ ಅಂದಾರು ಅಂತ ಬೀದಿ ತಿರುಗಗಂಟ ಇಂದಕ್ಕೆ ನೋಡ್ಕಂಡೇ ಓದೆ. ನಿಮ್ಮಟ್ಟಿ ಬುದ್ಧಿಯೋರ್ಗೆ ಎದ್ರಿ ಸುಮ್ಕಾದ್ರಿ, ಕೋರ್ಟ್ನಲ್ಲೂ ಅವ್ರು ಏಳ್ಕೊಟ್ಟಂಗೇ ಏಳುದ್ರಿ ಅಂತ ಆಮ್ಯಾಕೆ ಗೊತ್ತಾಯ್ತು. ನಿಮ್ ಮ್ಯಾಲೆ ನಂಗೆ ಕ್ವಾಪ ಇಲ್ಲ."

ಯಾರ ಬಾಯಿಂದ ಅವನ ಹೆಸರು ಬಂತೆಂದು ಪೊಲೀಸಿನವರು ಅವನಿಗೆ ಹೇಳಿರಲಿಲ್ಲ ರುದ್ರಿ. ಸುಮ್ಮನೆ ಎದ್ದು ಬರಬಹುದಾಗಿತ್ತು. ಅವನ ಕಣ್ಣಿನಲ್ಲಿ ನಾನು ಹೆದರಿದ ಹೆಂಗಸಾಗಿ ಉಳಿದುಬಿಡಬಹುದಾಗಿತ್ತು.

"ನಿನ್ ಹೆಸರು ಹೇಳಿದ್ದು ಅವರಲ್ಲ ಮಂಟೇಸ್ವಾಮಿ, ನಾನು" ಎಂದೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಪುಟ್ಟಮಾದಮ್ಮನಿಗೆ ಆಯಿತು. ಮೊರದಲ್ಲಿ ಏನೋ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. "ನೀವ್ ಕಳಿಸಿದ್ ರಾಗೀಯ ನಮ್ ಮಕ್ಕುಳ್ಗೆ ಉಣ್ಣಿಸ್ಬುಟ್ನಲ್ಲವ್ವ" ಎಂದಳು. ಅವನು ಹೊಲದ ಕಡೆಗೆ ನಡೆದುಹೋದ. ಒಂದು ಸಲವೂ ಹಿಂದಕ್ಕೆ ನೋಡಲಿಲ್ಲ.

ವಾಪಸು ಬರುವಾಗ ಬಸ್ಸು ನಿಮ್ಮ ಊರಿನಲ್ಲಿ ತುಂಬ ಹೊತ್ತು ನಿಂತಿತ್ತು. ಕಂಡಕ್ಟರು "ಇಳಿಯೋರು ಇಳೀರಿ" ಎಂದು ಎರಡು ಸಲ ಕೂಗಿದ. ನಿನ್ನ ಮಗುವಿಗೆಂದು ಹೊಲಿದ ಕುಲಾವಿ ನನ್ನ ಮಡಿಲಲ್ಲೇ ಇತ್ತು. ನೀನು ಬಾ ಎಂದಿರಲಿಲ್ಲ. ಕೂತೇ ಇದ್ದೆ.

ಗಂಗಾಂಬಿಕೆ